ಹೆಲ್ಸಿಂಕಿಯಲ್ಲಿ ನಾಲ್ಕು ದಿನ ಜಾಸ್ತಿ ಆಯ್ತಾ?

ಪ್ರಶ್ನೆ: ಬರುವ ಜೂನ್ 18ರ ಗುರುವಾರ ನಾನು, ನನ್ನ ಹೆಂಡತಿ, ಎಪ್ಪತ್ತು ದಾಟಿದ ಅಮ್ಮ ಮೂವರೂ ಹೆಲ್ಸಿಂಕಿಗೆ ಬಂದು 22ರ ಸೋಮವಾರ ಬೆಳಿಗ್ಗೆ ಹೊರಡುವ ಯೋಚನೆಯಲ್ಲಿದ್ದೇವೆ. ಟ್ರಾವೆಲ್ಸ್‌ನವರು ‘ಅಲ್ಲೇನಿದೆ ಸಾರ್, ಅರ್ಧ ದಿನ ಸಾಕು, ಉಳಿದಿದ್ದನ್ನು ಸ್ಟಾಕ್‌ಹೋಮ್‌ಗೆ ಕೊಡಿ’ ಅನ್ನುತ್ತಿದ್ದಾರೆ. ನಮಗೆ ಓಡಾಟದ ಪ್ರವಾಸ ಬೇಡ, ಸಮುದ್ರದ ಪಕ್ಕದ ಒಂದು ನಿಧಾನದ ಊರು ಸಾಕು. ಅಮ್ಮನಿಗೆ ಮಂಡಿನೋವು. ಮೂವರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ನಾಲ್ಕು ದಿನ ಹೇಗೆ ಕಳೆಯಬಹುದು? ಟಿಕೆಟ್ ಇನ್ನೂ ಮಾಡಿಲ್ಲ.
— ದಾವಣಗೆರೆಯ ಓದುಗರೊಬ್ಬರು

ಉತ್ತರ: ಟಿಕೆಟ್ ಮಾಡಿಲ್ಲ ಅಂದಿರಲ್ಲ, ಒಳ್ಳೆಯದೇ ಆಯಿತು. ಮೊದಲು ತಾರೀಕು ಬದಲಿಸಿ. ಉಳಿದ ಮಾತು ಆಮೇಲೆ.

ನೀವು ಹೇಳಿದ ಜೂನ್ 19ರ ಶುಕ್ರವಾರ ಇಲ್ಲಿ ಯುಹಾನ್ನುಸ್ ಹಬ್ಬದ ಮುನ್ನಾದಿನ. ನಡುಬೇಸಿಗೆಯ ಹಬ್ಬ ಇದು. ಜೂನ್ 19ರಿಂದ 25ರೊಳಗೆ ಬರುವ ಶುಕ್ರವಾರ ಯಾವುದೋ ಅದೇ ಮುನ್ನಾದಿನ, ಮರುದಿನ ಶನಿವಾರ ಹಬ್ಬ. ಕ್ರಿಸ್‌ಮಸ್ ಬಿಟ್ಟರೆ ಫಿನ್ಲೆಂಡಿನವರಿಗೆ ಇಷ್ಟು ದೊಡ್ಡ ಹಬ್ಬ ಇನ್ನೊಂದಿಲ್ಲ. ಆದರೆ ಅದು ಊರಲ್ಲಿ ನಡೆಯುವುದಿಲ್ಲ. ಈ ದೇಶದಲ್ಲಿ ಸುಮಾರು ಐದು ಲಕ್ಷ ಬೇಸಿಗೆ ಮನೆಗಳಿವೆ, ಹೆಚ್ಚಿನವು ಕೆರೆ ದಂಡೆಯಲ್ಲೋ ಸಮುದ್ರದ ಅಂಚಿನಲ್ಲೋ. ಗುರುವಾರ ಸಂಜೆಯಿಂದಲೇ ಜನ ಕಾರಿಗೆ ಸಾಮಾನು ತುಂಬಿಕೊಂಡು ಅತ್ತ ಹೊರಟುಬಿಡುತ್ತಾರೆ. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಬಹಳಷ್ಟು ಅಂಗಡಿ, ಹೋಟೆಲು, ಮ್ಯೂಸಿಯಂಗಳು ಬಾಗಿಲು ಹಾಕಿರುತ್ತವೆ. ರಸ್ತೆಯಲ್ಲಿ ಇರುವವರು ಪ್ರವಾಸಿಗರು, ಗಲ್ ಹಕ್ಕಿಗಳು, ಅಷ್ಟೇ. ಸೆಉರಸಾರಿ ದ್ವೀಪದಲ್ಲಿ ಅವತ್ತು ರಾತ್ರಿ ದೊಡ್ಡ ಬೆಂಕಿ ಹಾಕುತ್ತಾರೆ, ಕುಣಿತ ಇರುತ್ತದೆ, ಅದೇನೋ ನಿಜ. ಆ ಒಂದು ರಾತ್ರಿಗಾಗಿ ಎರಡೂವರೆ ದಿನ ಮುಚ್ಚಿದ ಬಾಗಿಲು ನೋಡುತ್ತಾ ಓಡಾಡುವುದು ಬೇಡ.

ಜೂನ್ ಮೊದಲ ಎರಡು ವಾರ ಬನ್ನಿ. ಇಲ್ಲವೇ ಆಗಸ್ಟ್. ನನ್ನನ್ನು ಕೇಳಿದರೆ ಆಗಸ್ಟೇ ವಾಸಿ. ಜೂನಿನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತೂಮುಕ್ಕಾಲು ಆಗಿರುತ್ತದೆ, ಬೆಳಗಿನ ಜಾವ ನಾಲ್ಕಕ್ಕೆ ಮತ್ತೆ ಹಾಜರ್. ನಡುವೆಯೂ ಪೂರ್ತಿ ಕತ್ತಲಾಗುವುದಿಲ್ಲ. ಮೊದಲ ದಿನ ಅದು ಸೋಜಿಗ, ಮೂರನೇ ದಿನಕ್ಕೆ ನಿದ್ದೆಗೇಡು. ಅಮ್ಮನ ವಯಸ್ಸಿನವರಿಗೆ ಇದು ಚಿಕ್ಕ ವಿಷಯ ಅಲ್ಲ. ಆಗಸ್ಟಿನಲ್ಲಿ ರಾತ್ರಿ ರಾತ್ರಿಯ ಹಾಗಿರುತ್ತದೆ, ಸಮುದ್ರದ ನೀರು ಒಂದಿಷ್ಟು ಬೆಚ್ಚಗಾಗಿರುತ್ತದೆ, ಮಾರುಕಟ್ಟೆ ತುಂಬಾ ಹಣ್ಣು. ಜುಲೈ ಕೂಡ ಚೆನ್ನಾಗಿಯೇ ಇರುತ್ತದೆ. ಆದರೆ ಅದು ಇಲ್ಲಿಯವರ ರಜೆಯ ತಿಂಗಳು, ಆಫೀಸಿನವರನ್ನು ನಂಬಿದ ಊಟದ ಹೋಟೆಲುಗಳು ಕೆಲವು ವಾರ ಮುಚ್ಚಿರುತ್ತವೆ.

ಇನ್ನು ಟ್ರಾವೆಲ್ಸ್‌ನವರ ಮಾತು. ಅವರು ಸುಳ್ಳು ಹೇಳಿಲ್ಲ. ಫೋಟೊಗೆ ನಿಲ್ಲುವ ಜಾಗಗಳನ್ನಷ್ಟೇ ಲೆಕ್ಕ ಹಾಕಿದರೆ ಹೆಲ್ಸಿಂಕಿಗೆ ಅರ್ಧ ದಿನ ಸಾಕು. ಬಸ್ಸು ಸೆನೇಟ್ ಚೌಕದಲ್ಲಿ ಇಳಿಸುತ್ತದೆ, ಬಂಡೆ ಕೊರೆದು ಕಟ್ಟಿದ ಟೆಂಪ್ಪೆಲಿಔಕಿಯೊ ಚರ್ಚು ತೋರಿಸುತ್ತದೆ, ಇಲ್ಲಿನ ಸಂಗೀತಗಾರ ಸಿಬೆಲಿಯಸ್ ಸ್ಮಾರಕದ ಉಕ್ಕಿನ ಕೊಳವೆಗಳ ಮುಂದೆ ಹತ್ತು ನಿಮಿಷ ಕೊಟ್ಟು ಹಡಗಿನ ಕಟ್ಟೆಗೆ ಬಿಡುತ್ತದೆ. ಮುಗಿಯಿತು. ಇಲ್ಲಿ ಅರಮನೆಗಳ ಸಾಲಿಲ್ಲ, ಸಾವಿರ ವರ್ಷದ ಗಲ್ಲಿಗಳಿಲ್ಲ. ಈ ಊರಿನ ಒಳ್ಳೆಯದೆಲ್ಲ ಇರುವುದು ಇಲ್ಲಿನ ಜನ ದಿನಾ ಬಳಸುವ ವಸ್ತುಗಳಲ್ಲಿ: ಟ್ರಾಮು, ದೋಣಿ, ಗ್ರಂಥಾಲಯ, ಸೌನಾ ಎಂಬ ಹಬೆಸ್ನಾನದ ಕೋಣೆ, ಸಂತೆ, ನಲ್ಲಿ ನೀರು. ಅವುಗಳನ್ನು ಬಸ್ಸಿನ ಕಿಟಕಿಯಿಂದ ನೋಡಲು ಆಗುವುದಿಲ್ಲ. ನಾಲ್ಕು ದಿನ ಇದ್ದು ನೀವೂ ಬಳಸಬೇಕು. ನಿಮಗೆ ಬೇಕಾದ್ದೂ ಅದೇ ಅಲ್ವಾ?

ಊರು ಹೀಗೆ ಯಾಕಾಯಿತು ಅನ್ನುವುದಕ್ಕೆ ಒಂದು ಚಿಕ್ಕ ಕಥೆ ಇದೆ. ಆಗ ಫಿನ್ಲೆಂಡ್ ಸ್ವೀಡನ್ ಕೈಯಲ್ಲಿತ್ತು. ಎದುರು ದಂಡೆಯ ಟ್ಯಾಲಿನ್ (ಈಗ ಎಸ್ಟೋನಿಯಾದ ರಾಜಧಾನಿ) ವ್ಯಾಪಾರದಲ್ಲಿ ಕೊಬ್ಬಿತ್ತು. ಅದಕ್ಕೆ ಪೈಪೋಟಿ ಕೊಡಬೇಕು ಅಂತ ದೊರೆ ಗುಸ್ತಾವ್ ವಾಸಾ 1550ರಲ್ಲಿ ಹೆಲ್ಸಿಂಕಿ ಕಟ್ಟಿಸಿದ. ಪೈಪೋಟಿ ನಡೆಯಲಿಲ್ಲ. ಇನ್ನೂರೈವತ್ತು ವರ್ಷ ಇದು ಮರದ ಮನೆಗಳ ಸಣ್ಣ ಊರಾಗಿಯೇ ಉಳಿಯಿತು. 1808ರಲ್ಲಿ ಅದರಲ್ಲೂ ಬಹುಪಾಲು ಸುಟ್ಟುಹೋಯಿತು. 1809ರಲ್ಲಿ ಫಿನ್ಲೆಂಡ್ ರಷ್ಯಾದ ಪಾಲಾಯಿತು. ಹಳೆಯ ರಾಜಧಾನಿ ತುರ್ಕು ಸ್ವೀಡನ್ನಿಗೆ ತೀರಾ ಹತ್ತಿರ ಅನ್ನಿಸಿ, ತ್ಸಾರ್ ಒಂದನೇ ಅಲೆಕ್ಸಾಂಡರ್ 1812ರಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದ. ಜರ್ಮನಿಯ ಕಾರ್ಲ್ ಲುಡ್ವಿಗ್ ಎಂಗೆಲ್ ಎಂಬ ವಾಸ್ತುಶಿಲ್ಪಿಯನ್ನು ಕರೆಸಿ ಕಟ್ಟಡಗಳನ್ನು ಎಬ್ಬಿಸಿದರು. ಸೆನೇಟ್ ಚೌಕ, ಅದರ ತಲೆಯ ಮೇಲಿನ ಬಿಳಿ ಕ್ಯಾಥೆಡ್ರಲ್ ಎಲ್ಲಾ ಅವನ ಕೈಕೆಲಸ. ಕ್ಯಾಥೆಡ್ರಲ್ ಮುಗಿದದ್ದು 1852ರಲ್ಲಿ. ಅಷ್ಟರಲ್ಲಿ ಎಂಗೆಲ್ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು.

ಚೌಕದ ನಡುವೆ ರಷ್ಯಾದ ಎರಡನೇ ಅಲೆಕ್ಸಾಂಡರನ ಪ್ರತಿಮೆ ಇದೆ. 1894ರದ್ದು. 1917ರಲ್ಲಿ ಸ್ವಾತಂತ್ರ್ಯ ಬಂತು, ಆಮೇಲೆ ರಷ್ಯಾದ ಜೊತೆ ಯುದ್ಧವೇ ಆಯಿತು, ಆದರೂ ಅದನ್ನು ಕೀಳಲಿಲ್ಲ. ತಮ್ಮ ಭಾಷೆಗೆ, ಸಂಸತ್ತಿಗೆ ಅವನ ಕಾಲದಲ್ಲಿ ಜಾಗ ಸಿಕ್ಕಿತು ಅನ್ನುವುದು ಇವರ ಲೆಕ್ಕ. ಪ್ರತಿಮೆಗಳನ್ನು ಇಡುವ, ಇಳಿಸುವ ಜಗಳ ನಮಗೂ ಗೊತ್ತಿರುವಂಥದ್ದೇ, ಹಾಗಾಗಿ ಹೇಳಿದೆ. ಕ್ಯಾಥೆಡ್ರಲ್ ಮೆಟ್ಟಿಲು ಕಡಿದಾಗಿದೆ. ಅಮ್ಮನನ್ನು ಹತ್ತಿಸಬೇಡಿ. ಕೆಳಗೆ ನಿಂತು ನೋಡಿದರೇ ಚೆಂದ ಕಾಣುತ್ತದೆ. ಒಂದು ಗಂಟೆ ಸಾಕು ಇಲ್ಲಿ.

ಚೌಕದಿಂದ ಐದು ನಿಮಿಷ ಕೆಳಗೆ ನಡೆದರೆ ಸಮುದ್ರ. ಅದರ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೇಜಾರಾಗುತ್ತದೆ. ಮಲ್ಪೆ, ಕಾರವಾರದ ಸಮುದ್ರವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರಬೇಡಿ. ಇದು ಬಾಲ್ಟಿಕ್ ಸಮುದ್ರದ ಒಂದು ತೋಳು. ಉಬ್ಬರ ಇಳಿತ ಗೊತ್ತೇ ಆಗುವುದಿಲ್ಲ. ಭೋರ್ಗರೆಯುವ ಅಲೆ ಇಲ್ಲ. ನದಿಗಳ ನೀರು ಬಂದು ಸೇರಿ ಉಪ್ಪೂ ಕಡಿಮೆ. ಮರಳಿಗಿಂತ ಗ್ರಾನೈಟ್ ಬಂಡೆ ಜಾಸ್ತಿ. ನುಣುಪಾದ ಆ ಬಂಡೆಗಳ ಮೇಲೆ ಜನ ಪುಸ್ತಕ ಹಿಡಿದು ಬಿಸಿಲಿಗೆ ಒರಗಿರುತ್ತಾರೆ. ಊರಿನ ಸುತ್ತ ಮುನ್ನೂರರಷ್ಟು ದ್ವೀಪಗಳಿವೆ. ಚಳಿಗಾಲದಲ್ಲಿ ಇದೇ ನೀರು ಹೆಪ್ಪುಗಟ್ಟುತ್ತದೆ. ಆಗ ದಾರಿ ಮಾಡಿಕೊಡುವ ಐಸ್ ಒಡೆಯುವ ಹಡಗುಗಳು ಬೇಸಿಗೆಯಲ್ಲಿ ಕಟಯನೊಕ್ಕ ಕಟ್ಟೆಯಲ್ಲಿ ಕಟ್ಟಿಹಾಕಿಕೊಂಡು ಸುಮ್ನೆ ನಿಂತಿರುತ್ತವೆ.

ನಿಮ್ಮ ಒಂದು ಇಡೀ ದಿನವನ್ನು ಸುಓಮೆನ್‌ಲಿನ್ನಕ್ಕೆ ಕೊಡಿ. ಇದು ದ್ವೀಪಗಳ ಮೇಲೆ ಹರಡಿದ ಕೋಟೆ. ಮಾರುಕಟ್ಟೆ ಚೌಕದಿಂದ ದೋಣಿ ಹೊರಡುತ್ತದೆ, ಕಾಲು ಗಂಟೆಯ ದಾರಿ. ಅಲ್ಲಿ ಖಾಸಗಿ ವಿಹಾರದ ದೋಣಿಗಳವರೂ ಇರುತ್ತಾರೆ, ಅವರ ದರ ಬೇರೆ. ನೀವು ಎಚ್‌ಎಸ್‌ಎಲ್ ಅಂತ ಬರೆದಿರುವ ದೋಣಿಯನ್ನೇ ಹತ್ತಿ. ಎಚ್‌ಎಸ್‌ಎಲ್ ಅಂದರೆ ಇಲ್ಲಿನ ನಗರ ಸಾರಿಗೆ. ಟ್ರಾಮಿಗೆ ತೆಗೆದುಕೊಂಡ ಟಿಕೆಟ್ಟೇ ಇದಕ್ಕೂ ನಡೆಯುತ್ತದೆ. ಕೋಟೆಗೆ ಪ್ರವೇಶ ಶುಲ್ಕವೂ ಇಲ್ಲ. ಯಾಕೆಂದರೆ ಅದು ಜನ ವಾಸಿಸುವ ಬಡಾವಣೆ. ಸುಮಾರು 800 ಮಂದಿ ಅಲ್ಲಿ ಮನೆ ಮಾಡಿಕೊಂಡಿದ್ದಾರೆ. ದೋಣಿಯಲ್ಲಿ ನಿಮ್ಮ ಪಕ್ಕ ತರಕಾರಿ ಚೀಲ ಹಿಡಿದು ಕೂತವರು ಮನೆಗೆ ಹೊರಟವರು.

ರಷ್ಯಾದ ಹೆದರಿಕೆಯಿಂದ ಸ್ವೀಡನ್ 1748ರಲ್ಲಿ ಇದನ್ನು ಕಟ್ಟಲು ಶುರುಮಾಡಿತು. ಉಸ್ತುವಾರಿ ಅಗಸ್ಟಿನ್ ಎರೆನ್‌ಸ್ವರ್ಡ್ ಎಂಬ ಅಧಿಕಾರಿಯದು. ಅವನ ಸಮಾಧಿಯೂ ಅಲ್ಲೇ ಅಂಗಳದಲ್ಲಿದೆ. ಯಾವ ರಷ್ಯಾವನ್ನು ತಡೆಯಲು ಕಟ್ಟಿದರೋ ಅದೇ ರಷ್ಯಾಕ್ಕೆ ಕೋಟೆ 1808ರಲ್ಲಿ ದೊಡ್ಡ ಕಾಳಗವೂ ಇಲ್ಲದೆ ಶರಣಾಯಿತು. ಯಾಕೆ ಅನ್ನುವ ವಾದ ಇನ್ನೂ ಮುಗಿದಿಲ್ಲ. 1855ರಲ್ಲಿ, ಕ್ರಿಮಿಯಾ ಯುದ್ಧದ ಹೊತ್ತಿಗೆ, ಬ್ರಿಟನ್ ಮತ್ತು ಫ್ರಾನ್ಸ್ ಹಡಗುಗಳು ಇದರ ಮೇಲೆ ಗುಂಡಿನ ಮಳೆಗರೆದವು. 1918ರ ಅಂತರ್ಯುದ್ಧದ ನಂತರ ಸೋತ ಕಡೆಯವರನ್ನು ಇಲ್ಲಿ ಸೆರೆ ಹಾಕಿದರು. 1991ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದನ್ನು ಕಲ್ಲುಗಳೇ ಹೇಳುತ್ತವೆ.

ದೋಣಿ ಇಳಿಯುವ ಜಾಗದಿಂದ ದಕ್ಷಿಣ ತುದಿಯ ರಾಜದ್ವಾರದವರೆಗೆ ಒಂದೂವರೆ ಕಿಲೋಮೀಟರ್ ದಾರಿ. ನೀಲಿ ಫಲಕ ಹಿಡಿದು ಹೋಗಬಹುದು. ಆದರೆ ಬಹುಪಾಲು ಉರುಟು ಕಲ್ಲು ಹಾಸಿದ ಏರಿಳಿತದ ದಾರಿ, ಮಂಡಿನೋವಿಗೆ ಆಗದು. ಗಾಲಿಕುರ್ಚಿಯವರಿಗೆಂದು ಸಲೀಸಾದ ದಾರಿಯನ್ನೂ ಗುರುತು ಮಾಡಿದ್ದಾರೆ, ದೋಣಿ ಕಟ್ಟೆಯ ಹತ್ತಿರ ನಕ್ಷೆ ಸಿಗುತ್ತದೆ. ಅಮ್ಮನನ್ನು ಆ ದಾರಿಯಲ್ಲಿ ಚರ್ಚಿನ ತನಕ ಕರೆದುಕೊಂಡು ಹೋಗಿ. ಹತ್ತಿರದ ಕೆಫೆಯಲ್ಲಿ ಹೆಂಡತಿಯೋ ನೀವೋ ಅವರ ಜೊತೆ ಕೂತಿರಿ, ಇನ್ನೊಬ್ಬರು ತುದಿ ನೋಡಿ ಬನ್ನಿ, ಆಮೇಲೆ ಅದಲುಬದಲಾಗಿ. ಸುರಂಗಗಳೊಳಗೆ ಹೋಗುವುದಾದರೆ ಮೊಬೈಲಿನ ಟಾರ್ಚು ಬೇಕು. ಕೋಟೆಯ ಅಂಚಿಗೆ ಹಲವು ಕಡೆ ಕಟಾಂಜನ ಇಲ್ಲ. ಮತ್ತೊಂದು, ಹುಲ್ಲಿನ ಮೇಲೆಲ್ಲ ಕಪ್ಪುಬಿಳುಪು ಹೆಬ್ಬಾತುಗಳು ಮೇಯುತ್ತಿರುತ್ತವೆ. ಜೂನಿನಲ್ಲಿ ಮರಿ ಕಟ್ಟಿಕೊಂಡಿರುತ್ತವೆ, ಹತ್ತಿರ ಹೋದರೆ ಬುಸ್ ಅಂತ ಮೈಮೇಲೆ ಬರುತ್ತವೆ. ಹುಲ್ಲಿನ ಮೇಲೆ ಕೂರುವ ಮೊದಲು ಅವುಗಳ ಹಿಕ್ಕೆ ಇದೆಯಾ ನೋಡಿಕೊಳ್ಳಿ.

ಸಂಜೆ ಐದು ದಾಟುವ ತನಕ ದ್ವೀಪದಲ್ಲೇ ಇರಿ. ಆ ಹೊತ್ತಿಗೆ ಸ್ಟಾಕ್‌ಹೋಮ್‌ಗೆ ಹೊರಟ ಹತ್ತು ಮಹಡಿ ಎತ್ತರದ ಹಡಗುಗಳು ದಕ್ಷಿಣ ತುದಿಯ ಇಕ್ಕಟ್ಟಾದ ನೀರುದಾರಿಯಲ್ಲಿ ನುಸುಳಿ ಹೋಗುತ್ತವೆ. ದಂಡೆಯಲ್ಲಿ ನಿಂತವರಿಗೆ ಕೈಗೆಟುಕುವಷ್ಟು ಹತ್ತಿರ. ಡೆಕ್ಕಿನ ಮೇಲಿದ್ದವರು ಕೈ ಬೀಸುತ್ತಾರೆ. ಈ ಊರಿನಲ್ಲಿ ಯಾರಾದರೂ ಅಪರಿಚಿತರಿಗೆ ಕೈ ಬೀಸುವುದನ್ನು ನಾನು ನೋಡಿರುವುದು ಅಲ್ಲಿ ಮಾತ್ರ.

ಟಿಕೆಟ್ ವಿಷಯ ಬಂತಲ್ಲ, ಅದನ್ನೂ ಹೇಳಿ ಮುಗಿಸುತ್ತೇನೆ. ಊರನ್ನು ಎ, ಬಿ, ಸಿ, ಡಿ ಅಂತ ವಲಯ ಮಾಡಿದ್ದಾರೆ. ಊರೊಳಗೆ ಓಡಾಡಲು ಎಬಿ ಟಿಕೆಟ್ ಸಾಕು. ಏರ್‌ಪೋರ್ಟ್ ಸಿ ವಲಯದಲ್ಲಿದೆ, ಅದಕ್ಕೆ ಬರುವಾಗ ಹೋಗುವಾಗ ಎಬಿಸಿ ಬೇಕು. ಹೊಸಬರು ಎಡವುವುದು ಇಲ್ಲೇ. ಗೇಟು ಇಲ್ಲ, ಕಂಡಕ್ಟರೂ ಇಲ್ಲ, ಯಾರೂ ಕೇಳುವುದಿಲ್ಲ ಅನ್ನಿಸುತ್ತದೆ. ಆಗಾಗ ತಪಾಸಣೆಯವರು ಹತ್ತುತ್ತಾರೆ, ದಂಡ ಜೋರಾಗಿದೆ, ಪ್ರವಾಸಿಗರು ಅಂತ ಬಿಡುವುದಿಲ್ಲ. ಮೊಬೈಲ್ ಆ್ಯಪಿನಲ್ಲಿ ಅಥವಾ ನಿಲ್ದಾಣದ ಮಷಿನ್ನಿನಲ್ಲಿ ದಿನದ ಲೆಕ್ಕದ ಟಿಕೆಟ್ ತೆಗೆದುಕೊಂಡುಬಿಡಿ, ತಲೆನೋವಿಲ್ಲ. ಏರ್‌ಪೋರ್ಟಿನಿಂದ ಐ ಮತ್ತು ಪಿ ಎಂಬ ಎರಡು ರೈಲುಗಳಿವೆ, ಯಾವುದು ಹತ್ತಿದರೂ ಅರ್ಧ ಗಂಟೆಯಲ್ಲಿ ಊರ ನಡುವಿನ ನಿಲ್ದಾಣ. ಟ್ಯಾಕ್ಸಿ ಬೇಡವೇ ಬೇಡ.

ಅಮ್ಮನಿಗೆ ಊರು ತೋರಿಸಲು ಟ್ರಾಮಿಗಿಂತ ಒಳ್ಳೆಯದು ಇನ್ನೊಂದಿಲ್ಲ. 2ನೇ ನಂಬರ್ ಹತ್ತಿ ಕಿಟಕಿ ಪಕ್ಕ ಕೂರಿಸಿ. ಮಾರುಕಟ್ಟೆ, ಸೆನೇಟ್ ಚೌಕ, ರೈಲು ನಿಲ್ದಾಣ ಎಲ್ಲವೂ ಕೂತಲ್ಲೇ ಬರುತ್ತವೆ. 3ನೇ ನಂಬರಿನದು ಕಲ್ಲಿಯೊ ಎಂಬ ಹಳೆಯ ಕಾರ್ಮಿಕರ ಬಡಾವಣೆಯನ್ನೂ ದಕ್ಷಿಣದ ಸಮುದ್ರದ ಪಕ್ಕದ ಹಳೆ ಮನೆಗಳ ಬೀದಿಗಳನ್ನೂ ಸುತ್ತುತ್ತದೆ. ದಕ್ಷಿಣದಲ್ಲಿ ಕೈವೊಪುಯಿಸ್ತೊ ಉದ್ಯಾನದ ಹತ್ತಿರ ಇಳಿಯಿರಿ. ದಂಡೆಯುದ್ದಕ್ಕೂ ಸಮತಟ್ಟಾದ ದಾರಿ, ನಡುನಡುವೆ ಬೆಂಚು. ಬೇಸಿಗೆಯಲ್ಲಿ ಊರಿನ ಕೆಲವು ದಂಡೆಗಳಲ್ಲಿ ಮರದ ಅಟ್ಟಣೆಗಳು ಕಾಣುತ್ತವೆ. ಜನ ಮನೆಯ ಚಿಂದಿ ಜಮಖಾನೆಗಳನ್ನು ಹೊತ್ತು ತಂದು, ಅಲ್ಲಿರುವ ಉದ್ದ ಮೇಜುಗಳ ಮೇಲೆ ಹಾಸಿ, ಪೈನ್ ಎಣ್ಣೆಯ ಸಾಬೂನು ಹಾಕಿ ಬ್ರಷ್ಷಿನಲ್ಲಿ ಉಜ್ಜುತ್ತಾರೆ. ಹಿಂಡಲು ದೊಡ್ಡ ಉರುಳೆಯೂ ಇರುತ್ತದೆ. ರಾಜಧಾನಿಯ ನಡುವೆ ಎಲ್ಲರೆದುರು ಜಮಖಾನೆ ಒಗೆಯುವುದು! ಅಮ್ಮನಿಗೆ ಕ್ಯಾಥೆಡ್ರಲ್‌ಗಿಂತ ಇದು ಹಿಡಿಸಿದರೆ ನನಗೆ ಆಶ್ಚರ್ಯ ಇಲ್ಲ.

ಮಳೆ ಬಂದರೆ? ಬರುತ್ತದೆ. ಆಗ ಓಡಿಗೆ ಹೋಗಿ. ನಗರದ ಕೇಂದ್ರ ಗ್ರಂಥಾಲಯ ಅದು, ರೈಲು ನಿಲ್ದಾಣದ ಪಕ್ಕದಲ್ಲೇ. ದೇಶದ ಸ್ವಾತಂತ್ರ್ಯಕ್ಕೆ ನೂರು ತುಂಬಿದ ನೆನಪಿಗೆಂದು ಕಟ್ಟಿದ್ದು. 2018ರ ಡಿಸೆಂಬರ್ 5ರಂದು, ಸ್ವಾತಂತ್ರ್ಯ ದಿನದ ಹಿಂದಿನ ದಿನ, ಬಾಗಿಲು ತೆರೆಯಿತು. ಸಂಸತ್ ಭವನ ಸರಿಯಾಗಿ ಎದುರಿಗಿದೆ. ಪುಸ್ತಕಗಳು ಮೇಲಿನ ಮಹಡಿಯಲ್ಲಿ ಮಾತ್ರ. ನಡುಮಹಡಿಯಲ್ಲಿ ಹೊಲಿಗೆ ಯಂತ್ರ, ತ್ರೀಡಿ ಪ್ರಿಂಟರ್, ಹಾಡು ರೆಕಾರ್ಡ್ ಮಾಡುವ ಕೋಣೆ. ಯಾರು ಬೇಕಾದರೂ ಒಳಗೆ ಹೋಗಬಹುದು, ಕಾರ್ಡು ಕೇಳುವವರಿಲ್ಲ. ಶಾಲೆ ಬಿಟ್ಟ ಹುಡುಗರು, ಕೂಸಿನ ಜೊತೆ ಬಂದ ಅಪ್ಪಂದಿರು, ಚಳಿ ತಪ್ಪಿಸಿಕೊಳ್ಳಲು ಬಂದ ಮುದುಕರು, ಎಲ್ಲಾ ಒಂದೇ ಸೂರಿನಡಿ. ಲಿಫ್ಟ್ ಇದೆ, ಕಾಫಿ ಇದೆ, ಶೌಚಾಲಯ ಪುಕ್ಕಟೆ. ಹಿರಿಯರನ್ನು ಕರೆದುಕೊಂಡು ಬಂದವರಿಗೆ ಈ ಕೊನೆಯದು ಎಷ್ಟು ದೊಡ್ಡ ವಿಷಯ ಅಂತ ನಿಮಗೆ ಎರಡನೇ ದಿನಕ್ಕೇ ಗೊತ್ತಾಗುತ್ತದೆ.

ಸೌನಾದ ಬಗ್ಗೆ ನೀವು ಕೇಳಿಲ್ಲ, ಮುಜುಗರಕ್ಕೆ ಇರಬಹುದು. ಆದರೂ ಹೇಳುತ್ತೇನೆ. ಸುಮಾರು 56 ಲಕ್ಷ ಜನರ ದೇಶದಲ್ಲಿ ಸುಮಾರು 30 ಲಕ್ಷ ಸೌನಾಗಳಿವೆ. ಅದನ್ನು ಬಿಟ್ಟು ಈ ಊರು ಪೂರ್ತಿ ಆಗುವುದಿಲ್ಲ. ಕಲ್ಲಿಯೊದಲ್ಲಿ 1928ರಿಂದ ನಡೆಯುತ್ತಿರುವ ಕೋಟಿಹಾರ್ಯು ಸೌನಾಕ್ಕೆ ಈಗಲೂ ಕಟ್ಟಿಗೆ ಒಲೆ. ಹೆಂಗಸರು ಗಂಡಸರು ಬೇರೆ ಬೇರೆ, ಒಳಗೆ ಬಟ್ಟೆ ಇಲ್ಲದೆ ಕೂರುತ್ತಾರೆ, ಯಾರೂ ಯಾರನ್ನೂ ನೋಡುವುದಿಲ್ಲ. ಅದು ಆಗದು ಅನ್ನಿಸಿದರೆ ಸಮುದ್ರದ ದಂಡೆಯಲ್ಲಿ 2016ರಲ್ಲಿ ತೆರೆದ ಲೋಯುಲು ಇದೆ. ಅಲ್ಲಿ ಎಲ್ಲರೂ ಈಜುಡುಗೆ ಹಾಕಿಕೊಂಡು ಒಟ್ಟಿಗೇ ಕೂರುವುದು, ಮೊದಲೇ ಬುಕ್ ಮಾಡಬೇಕು. ಮೊದಲು ಸ್ನಾನ ಮಾಡಿ ಒಳಗೆ ಹೋಗಿ. ಟವೆಲ್ ಹಾಸಿಕೊಂಡು ಕೂರಿ. ಮೊದಲ ಸಲ ಕೆಳಗಿನ ಮೆಟ್ಟಿಲೇ ಸಾಕು, ಮೇಲೆ ಹೋದಷ್ಟೂ ಬಿಸಿ. ಕಾದ ಕಲ್ಲಿನ ಮೇಲೆ ನೀರು ಎರಚಿದಾಗ ಹಬೆ ಕಿವಿ ಸುಡುವ ಹಾಗೆ ಬರುತ್ತದೆ. ತಡೆಯದಿದ್ದರೆ ಎದ್ದು ಬನ್ನಿ, ಅದರಲ್ಲಿ ಅವಮಾನ ಏನಿಲ್ಲ. ಆಮೇಲೆ ಏಣಿ ಹಿಡಿದು ಸಮುದ್ರಕ್ಕೆ ಇಳಿಯುವುದು ನಿಮ್ಮ ಧೈರ್ಯ. ಅಮ್ಮನಿಗೆ ಬಿಪಿ, ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಕರೆದೊಯ್ಯಬೇಡಿ. ಲೋಯುಲುವಿನ ಹೊರ ಅಟ್ಟಣೆಯಲ್ಲಿ ಸುಮ್ನೆ ಕೂತು ಸಮುದ್ರ ನೋಡಲು ಸೌನಾ ಟಿಕೆಟ್ ಬೇಕಿಲ್ಲ.

ಈಗ ಊಟ. ಇದಕ್ಕೇ ನಿಮಗೆ ಹೆಚ್ಚು ಚಿಂತೆ ಇರುತ್ತದೆ, ಆದರೆ ಅಷ್ಟು ಚಿಂತೆ ಬೇಡ. ವಾರದ ದಿನಗಳಲ್ಲಿ ಬೆಳಿಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಎರಡರ ತನಕ ಹೋಟೆಲುಗಳಲ್ಲಿ ‘ಲೌನಸ್’ ಅಂತ ಬೋರ್ಡು ಇರುತ್ತದೆ. ನಿಗದಿ ಬೆಲೆಯ ಊಟ, ಹಲವು ಕಡೆ ಬಡಿಸಿಕೊಂಡು ತಿನ್ನುವ ಬಫೆ. ಸೂಪು, ಹಸಿ ತರಕಾರಿ, ಬ್ರೆಡ್ಡು, ಕಾಫಿ ಸೇರಿ ರಾತ್ರಿಯ ದರದ ಅರ್ಧಕ್ಕೆ ಮುಗಿಯುತ್ತದೆ. ದಿನದ ದೊಡ್ಡ ಊಟ ಅದೇ ಆಗಲಿ, ರಾತ್ರಿಗೆ ಹಗುರ ಇಟ್ಟುಕೊಳ್ಳಿ. ಸಸ್ಯಾಹಾರಕ್ಕೆ ‘ಕಸ್ವಿಸ್’ ಅಂತ ಬರೆದಿರುತ್ತಾರೆ, ಆದರೆ ಅದರಲ್ಲಿ ಮೊಟ್ಟೆ ಇರಬಹುದು. ‘ವೆಗಾನಿ’ ಅಂತ ಇದ್ದರೆ ಮೊಟ್ಟೆ, ಹಾಲು ಎರಡೂ ಇಲ್ಲ, ಕಣ್ಣು ಮುಚ್ಚಿ ತಿನ್ನಿ. ಗುರುವಾರ ಎಲ್ಲೆಲ್ಲೂ ಬಟಾಣಿ ಸೂಪು. ನೋಡಲು ನಮ್ಮ ತೊವ್ವೆಯ ಹಾಗೇ ಇರುತ್ತದೆ, ಆದರೆ ರೂಢಿಯಲ್ಲಿ ಅದಕ್ಕೆ ಹಂದಿ ಮಾಂಸ ಹಾಕುತ್ತಾರೆ, ಕೇಳದೆ ಬಡಿಸಿಕೊಳ್ಳಬೇಡಿ. ಕರೇಲಿಯಾದ ಪಿರಕ್ಕ ಅಂತ ತಿಂಡಿ ಇದೆ. ರೈ ಹಿಟ್ಟಿನ ತೆಳು ಹೊದಿಕೆಯಲ್ಲಿ ಹಾಲನ್ನದಂಥ ಹೂರಣ. ಮೇಲೆ ಹಚ್ಚುವ ಬೆಣ್ಣೆಗೆ ಬೇಯಿಸಿದ ಮೊಟ್ಟೆ ಕಲಸಿರುತ್ತಾರೆ, ಅದಿಲ್ಲದೆ ಕೊಡಿ ಅನ್ನಿ.

ಮಾರುಕಟ್ಟೆ ಚೌಕದಲ್ಲಿ ಜುಲೈ, ಆಗಸ್ಟಿನಲ್ಲಿ ಹಸಿ ಬಟಾಣಿ ಕಾಯಿಯನ್ನು ಲೀಟರ್ ಲೆಕ್ಕದಲ್ಲಿ ಅಳೆದು ಕೊಡುತ್ತಾರೆ. ಅದನ್ನು ಬೇಯಿಸುವುದಿಲ್ಲ, ದಾರಿಯುದ್ದಕ್ಕೂ ಸುಲಿದು ತಿನ್ನುತ್ತಾ ನಡೆಯುತ್ತಾರೆ. ಸ್ಟ್ರಾಬೆರಿಯೂ ಲೀಟರಿಗೇ. ಕೈಯಲ್ಲಿ ಬೇರೆ ತಿಂಡಿ ಇದ್ದರೆ ಗಲ್ ಹಕ್ಕಿಗಳ ಮೇಲೆ ಒಂದು ಕಣ್ಣಿರಲಿ. ಹಿಂದಿನಿಂದ ಬಂದು ಕಿತ್ತುಕೊಂಡು ಹೋಗುತ್ತವೆ, ನಾಚಿಕೆ ಅನ್ನುವುದೇ ಇಲ್ಲ. ಚೌಕದ ಪಕ್ಕದ ಹಳೆಯ ಮಾರುಕಟ್ಟೆ ಕಟ್ಟಡ 1889ರದ್ದು, ಈಗ ಪ್ರವಾಸಿಗರ ದರ. ಇಲ್ಲಿನವರು ಹೋಗುವುದು ಹಕನಿಯೆಮಿ ಮಾರುಕಟ್ಟೆಗೆ.

ನೀರಿಗೆ ದುಡ್ಡು ಕೊಡಬೇಡಿ. ನಲ್ಲಿ ನೀರು ಪೈಯನ್ನೆ ಎಂಬ ಕೆರೆಯಿಂದ 120 ಕಿಲೋಮೀಟರ್ ಉದ್ದದ ಸುರಂಗದಲ್ಲಿ, ಬಂಡೆಯೊಳಗೇ ಹರಿದು ಬರುತ್ತದೆ. ಬಾಟಲಿ ಕೊಂಡರೆ ಖಾಲಿಯಾದದ್ದನ್ನು ಎಸೆಯಬೇಡಿ. ಅದರ ಬೆಲೆಯಲ್ಲಿ ಠೇವಣಿ ಸೇರಿರುತ್ತದೆ, ಸೂಪರ್‌ಮಾರ್ಕೆಟ್ಟಿನ ಮಷಿನ್ನಿಗೆ ಹಾಕಿದರೆ ವಾಪಸ್ ಸಿಗುತ್ತದೆ. ಕಾಫಿ ಕುಡಿಯುವುದರಲ್ಲಿ ಇವರು ಜಗತ್ತಿನ ಮುಂಚೂಣಿಯಲ್ಲಿದ್ದಾರೆ, ಆದರೆ ಬೀಜವನ್ನು ಎಳಸಾಗಿ ಹುರಿಯುತ್ತಾರೆ. ಚಿಕೋರಿ ಬೆರೆಸಿದ ಗಟ್ಟಿ ಡಿಕಾಕ್ಷನ್ನಿನ ನಾಲಿಗೆಗೆ ಹುಳಿಹುಳಿ, ನೀರುನೀರು ಅನ್ನಿಸುತ್ತದೆ. ಒಂದು ಪೊಟ್ಟಣ ಕಾಫಿಪುಡಿ, ಚಿಕ್ಕ ಫಿಲ್ಟರು ತನ್ನಿ.

ತರುವ ಮಾತು ಬಂದಿದ್ದಕ್ಕೆ ಒಂದು ಎಚ್ಚರಿಕೆ. ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಅಂದರೆ ತುಪ್ಪ, ಪೇಡ, ಕುಂದಾ ಯಾವುದೂ ಇಲ್ಲ. ದಾವಣಗೆರೆ ಬೆಣ್ಣೆಯಂತೂ ಮರೆತುಬಿಡಿ. ಮಾವಿನಹಣ್ಣು, ಕರಿಬೇವು ಕೂಡ ಬೇಡ. ಶೇಂಗಾ ಚಟ್ನಿಪುಡಿ, ಅವಲಕ್ಕಿ, ಮಂಡಕ್ಕಿಗೆ ತೊಂದರೆ ಇಲ್ಲ. ಅಡುಗೆಮನೆ ಇರುವ ಬಾಡಿಗೆ ಕೋಣೆ ಹಿಡಿದರೆ ರಾತ್ರಿಗೆ ಅನ್ನ ಮೊಸರು ಆಗಿಹೋಗುತ್ತದೆ. ಅಕ್ಕಿ, ಮೊಸರು ಯಾವ ಅಂಗಡಿಯಲ್ಲೂ ಇವೆ. ಮೊಸರಿನ ಡಬ್ಬಿಯ ಮೇಲೆ ‘ಲೀವತೆ’ ಅಂತ ಇದ್ದರೆ ಅದು ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುವ ಜೆಲಟಿನ್, ಬೇರೆಯದು ಎತ್ತಿಕೊಳ್ಳಿ.

ಮೂರನೇ ದಿನ ನಿಮಗೆ ಆಟದ ಹುಚ್ಚು ಇದ್ದರೆ ಒಲಿಂಪಿಕ್ ಕ್ರೀಡಾಂಗಣಕ್ಕೆ ಹೋಗಿ. ಭಾರತದವರಿಗೆ ಅದು ಸುಮ್ನೆ ಕಟ್ಟಡ ಅಲ್ಲ. 1940ರ ಕೂಟಕ್ಕೆಂದು ಕಟ್ಟಿದ್ದು, ಯುದ್ಧ ಬಂದು ಕೂಟ ರದ್ದಾಯಿತು. ಕೊನೆಗೆ 1952ರಲ್ಲಿ ಹೆಲ್ಸಿಂಕಿಗೆ ಅವಕಾಶ ಸಿಕ್ಕಿತು. ಪಕ್ಕದ ಸಭಾಂಗಣದಲ್ಲಿ ಖಾಶಾಬಾ ಜಾಧವ್ ಕುಸ್ತಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಪದಕ ಅದು. ಹಾಕಿಯ ಫೈನಲ್‌ನಲ್ಲಿ ನೆದರ್ಲೆಂಡ್ಸ್ ಮೇಲೆ 6–1, ಅದರಲ್ಲಿ ಐದು ಗೋಲು ಬಲ್ಬೀರ್ ಸಿಂಗ್ ಒಬ್ಬರದೇ. ಫುಟ್‌ಬಾಲ್‌ನಲ್ಲಿ ಮಾತ್ರ ನಮ್ಮವರು ಈ ಚಳಿಯಲ್ಲಿ ಬೂಟಿಲ್ಲದೆ ಆಡಿ ಯುಗೊಸ್ಲಾವಿಯಾಕ್ಕೆ 10–1ರಲ್ಲಿ ಸೋತರು. ಆ ಒಂದು ಗೋಲು ಹೊಡೆದವರು ನಮ್ಮ ಬೆಂಗಳೂರಿನ ಅಹ್ಮದ್ ಖಾನ್. ಕ್ರೀಡಾಂಗಣದ ಬಿಳಿ ಗೋಪುರದ ಎತ್ತರ 72.71 ಮೀಟರ್. 1932ರ ಒಲಿಂಪಿಕ್ಸ್‌ನಲ್ಲಿ ಫಿನ್ಲೆಂಡಿನ ಮಟ್ಟಿ ಯಾರ್ವಿನೆನ್ ಜಾವೆಲಿನ್ ಎಸೆದು ಚಿನ್ನ ಗೆದ್ದ ದೂರವೂ ಅಷ್ಟೇ. ಲಿಫ್ಟಿನಲ್ಲಿ ಮೇಲೆ ಹೋದರೆ ಇಡೀ ಊರು, ಅದರಾಚೆಯ ದ್ವೀಪಗಳು ಕಾಣುತ್ತವೆ.

ನಾಲ್ಕನೇ ದಿನ ಟ್ಯಾಲಿನ್. ಸಮುದ್ರದ ಆಚೆ 80 ಕಿಲೋಮೀಟರ್, ಹಡಗಿನಲ್ಲಿ ಎರಡು ಗಂಟೆ, ಬೆಳಿಗ್ಗೆ ಹೋಗಿ ರಾತ್ರಿ ವಾಪಸ್. ಹಡಗಿನ ಕಟ್ಟೆಯವರೆಗೂ ಟ್ರಾಮು ಹೋಗುತ್ತದೆ. ಎಸ್ಟೋನಿಯಾವೂ ಒಂದೇ ವೀಸಾ ನಡೆಯುವ ಶೆಂಗೆನ್ ದೇಶಗಳ ಗುಂಪಿನೊಳಗೇ ಇದೆ, ಬೇರೆ ವೀಸಾ ಬೇಡ, ಪಾಸ್‌ಪೋರ್ಟ್ ಮಾತ್ರ ಜೊತೆಗಿರಲಿ. ನೀವು ಹೆಲ್ಸಿಂಕಿಯಲ್ಲಿ ಕಾಣದ ಹಳೇ ಗಲ್ಲಿ, ಕೋಟೆ ಗೋಡೆ, ಚೂಪು ಗೋಪುರ ಎಲ್ಲಾ ಅಲ್ಲಿವೆ. ಆದರೆ ಅಲ್ಲಿಯೂ ಉರುಟು ಕಲ್ಲಿನ ಏರುದಾರಿ. ಹಿಂದಿನ ಮೂರು ದಿನದಲ್ಲಿ ಅಮ್ಮನ ಮಂಡಿ ಹೇಗಿದೆ ನೋಡಿ ಹೊರಡಿ. ಆಗದಿದ್ದರೆ ಅವತ್ತೂ ಕೈವೊಪುಯಿಸ್ತೊ ದಂಡೆಗೇ ಹೋಗಿ ಕೂರಿ, ನಷ್ಟವೇನಿಲ್ಲ.

ಬಟ್ಟೆ ವಿಷಯಕ್ಕೆ ಬಂದರೆ, ಬೇಸಿಗೆ ಅಂದರೆ ಇಲ್ಲಿ 20 ಡಿಗ್ರಿ ಆಸುಪಾಸು. ದೋಣಿಯ ಮೇಲೆ ಗಾಳಿ ಕೊರೆಯುತ್ತದೆ. ಸ್ವೆಟರ್, ಗಾಳಿ ಮಳೆ ತಡೆಯುವ ಜಾಕೆಟ್, ಅಮ್ಮನಿಗೆ ಸಾಕ್ಸ್ ಮತ್ತು ಮೆತ್ತನೆಯ ಶೂ. ಸೀರೆಗೆ ಚಪ್ಪಲಿಯೇ ಬೇಕು ಅಂತ ಹಟ ಹಿಡಿದರೆ ಒಪ್ಪಬೇಡಿ. ಟಿಪ್ಸ್ ಕೊಡುವ ರೂಢಿ ಇಲ್ಲ, ನೋಟು ಚಿಲ್ಲರೆಯೂ ಬೇಕಾಗುವುದಿಲ್ಲ, ಬಟಾಣಿಗೂ ಕಾರ್ಡು ನಡೆಯುತ್ತದೆ. ಜನ ಮಾತಾಡಿಸುವುದಿಲ್ಲ, ನಗುವುದಿಲ್ಲ ಅಂತ ಬೇಸರ ಬೇಡ. ದಾರಿ ಕೇಳಿ ನೋಡಿ, ಫೋನು ತೆಗೆದು ನಿಮ್ಮ ಜೊತೆ ಟ್ರಾಮ್ ನಿಲ್ದಾಣದ ತನಕ ಬರುತ್ತಾರೆ.

ಕೊನೆಯದಾಗಿ ವೀಸಾ. ಬೆಂಗಳೂರಿನಿಂದ ನೇರ ವಿಮಾನ ಇಲ್ಲ, ದೋಹಾದಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ಬದಲಿಸಬೇಕು. ಫ್ರಾಂಕ್‌ಫರ್ಟ್ ಮೂಲಕ ಬಂದರೂ ಹೆಚ್ಚು ದಿನ ಇರುವುದು ಫಿನ್ಲೆಂಡಿನಲ್ಲಿ ಆದ್ದರಿಂದ ಅರ್ಜಿ ಫಿನ್ಲೆಂಡಿಗೇ ಹಾಕಿ. ಶುಲ್ಕ ದೊಡ್ಡವರಿಗೆ 90 ಯೂರೋ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಅಮ್ಮನ ವಯಸ್ಸಿಗೆ ಪ್ರೀಮಿಯಂ ಜಾಸ್ತಿ ಬೀಳುತ್ತದೆ, ಮೊದಲಿನಿಂದ ಇರುವ ಕಾಯಿಲೆಗೆ ಅದು ಅನ್ವಯಿಸುತ್ತದಾ ಅಂತ ಓದಿಯೇ ಸಹಿ ಮಾಡಿ. ಅವರ ಖರ್ಚು ನೀವು ನೋಡಿಕೊಳ್ಳುತ್ತೀರಿ ಅನ್ನುವ ಪತ್ರ, ನೀವು ಅವರ ಮಗ ಅನ್ನುವುದಕ್ಕೆ ದಾಖಲೆ ಎರಡನ್ನೂ ಇಡಿ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು. ಬೇಸಿಗೆಗೆ ಮುಂಚೆ ಸಂದರ್ಶನದ ದಿನಾಂಕ ಸಿಗುವುದೇ ಕಷ್ಟ. ಆಗಸ್ಟಿಗೆ ಅಂತ ತೀರ್ಮಾನಿಸಿದರೆ ಮಾರ್ಚ್, ಏಪ್ರಿಲ್‌ನಲ್ಲೇ ಕಾಗದ ಜೋಡಿಸಿಕೊಳ್ಳಿ.